ಹೊಲಿಗೆ ಮಿಸ್ಸು ಮನೆ ತೋರಿಸಿದ್ದು

ಹೊಲಿಗೆ ಮಿಸ್ಸು ಹೋಗಿಬಿಟ್ಟರು ಅಂತ ಸುದ್ದಿ ಬಂದಾಗ ನಾನು ಸೂಜಿಗೆ ದಾರ ಪೋಣಿಸಲಾಗದೆ ನನ್ನನ್ನೇ ಬೈದುಕೊಳ್ಳುತ್ತಾ ಕೂತಿದ್ದೆ. ಬ್ಲೌಸಿನ ಹುಕ್ಕು ಕಿತ್ತು ಮೂರು ದಿನವಾಗಿತ್ತು, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಅವರೇನಾದರೂ ನೋಡಿದ್ದರೆ ನಡುಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಿದ್ದರು. "ಪಿನ್ನು ಚುಚ್ಕೊಳ್ಳೋಕೆ ನೀನೇನು ನೋಟೀಸ್ ಬೋರ್ಡಾ?" ಅನ್ನೋದು ಅವರ ಖಾಯಂ ಬೈಗುಳ. ಸುದ್ದಿ ಕೇಳಿ ಮೊದಲು ಕೈ ಹೋದದ್ದು ಆ ಪಿನ್ನಿಗೇ. ಬಿಚ್ಚಿಟ್ಟು, ಸೆರಗು ಹೊದ್ದುಕೊಂಡು, ಆಮೇಲೆ ಅಳಲು ಕೂತೆ.

ಅವರಿಗೂ ಒಂದು ಹೆಸರಿತ್ತು. ಇಲ್ಲಿ ಬರೆಯೋದಿಲ್ಲ, ಬರೆದರೆ ಅವರ ಪರಿಚಯದವರಿಗೇ ಗೊತ್ತಾಗುವುದಿಲ್ಲ. ಜಯನಗರದ ನಾಲ್ಕನೇ ಟಿ ಬ್ಲಾಕಿನ ಸುತ್ತಮುತ್ತ ಅವರು ಎಲ್ಲರಿಗೂ ಹೊಲಿಗೆ ಮಿಸ್ಸು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಮೂವತ್ತು ವರ್ಷ ಕಾಜಾ, ಹೆಮ್ಮಿಂಗು ಹೇಳಿಕೊಟ್ಟು ರಿಟೈರ್ ಆಗಿದ್ದರು. ತರಕಾರಿ ಅಂಗಡಿಯಲ್ಲಿ ಮೂರು ಮಕ್ಕಳ ತಾಯಂದಿರು ಕೂಡ ಅವರನ್ನು ಕಂಡರೆ ಸೀರೆಯ ಫಾಲು ಬಿಚ್ಚಿದೆಯಾ ಅಂತ ಬಗ್ಗಿ ನೋಡಿಕೊಳ್ಳುತ್ತಿದ್ದರು. ಅವರು ಮನುಷ್ಯರ ಮುಖ ನೋಡುತ್ತಿದ್ದದ್ದೇ ಕೊನೆಗೆ. ಮೊದಲು ಅಂಚು, ಆಮೇಲೆ ಗುಂಡಿ, ಆಮೇಲೆ ಜೇಬು. "ಮೇಲಿಂದ ಎಲ್ಲಾರೂ ಚೆನ್ನಾಗೇ ಕಾಣ್ತಾರೆ ಕಣಮ್ಮ, ಒಳಗಡೆ ಹೊಲಿಗೆ ನೋಡ್ಬೇಕು" ಅನ್ನುತ್ತಿದ್ದರು.

ನಮ್ಮ ಮನೆಗೆ ಅವರು ಬಂದದ್ದೂ ಹಾಗೆಯೇ. ನಮ್ಮದು ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಪುಟ್ಟ ಮನೆ. ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು, ಅಷ್ಟೆ. ಹಿತ್ತಲಲ್ಲಿ ಶೀಟು ಹೊದಿಸಿದ ಒಂದೇ ರೂಮಿನ ಔಟ್‌ಹೌಸು. ಅದು ಬಾಡಿಗೆಗಿದೆಯಾ ಅಂತ ಕೇಳಲು ಒಂದು ಭಾನುವಾರ ಬಂದವರು ನಮ್ಮನೆಯವರ ಷರಟಿನ ಮೇಲೆ ಕಣ್ಣು ನೆಟ್ಟರು. "ಸಾರ್, ಮೂರನೇ ಗುಂಡಿ ಬೇರೆ ಜಾತೀದು" ಅಂದವರೇ ಬ್ಯಾಗಿನಿಂದ ಸೂಜಿ ದಾರ ತೆಗೆದು, ಅವರು ತೊಟ್ಟಿರುವ ಹಾಗೆಯೇ, ನಿಂತ ನಿಲುವಿನಲ್ಲಿ ಹೊಸ ಗುಂಡಿ ಹಾಕಿಬಿಟ್ಟರು. ಎದೆಯ ಹತ್ತಿರ ಸೂಜಿ ಆಡುತ್ತಿರುವಾಗ ಯಾವ ಗಂಡಸು ತಾನೇ ಇಲ್ಲ ಅನ್ನುತ್ತಾನೆ? ರೂಮು ಕೊಟ್ಟಾಯಿತು.

ಅವರ ಜೊತೆ ಬಂದದ್ದು ಒಂದು ಕೈ ಮಿಷಿನ್ನು, ಒಂದು ಸೀಮೆಎಣ್ಣೆ ಸ್ಟೌವು, ಎರಡು ಟ್ರಂಕು. ಒಂದು ಟ್ರಂಕಿನಲ್ಲಿ ಬಟ್ಟೆ. ಇನ್ನೊಂದರ ತುಂಬಾ ದಸರಾ ಗೊಂಬೆ. ಮದುವೆಯಲ್ಲಿ ತಾಯಿ ಕೊಟ್ಟ ಪಟ್ಟದ ಗೊಂಬೆಗಳು, ಮರದ್ದು, ರಾಜ ರಾಣಿ. ಯಜಮಾನರು ಎಲ್ಲಿ ಅಂತ ಕೇಳುವ ಧೈರ್ಯ ನಮಗಿರಲಿಲ್ಲ. ನಮ್ಮತ್ತೆಗೆ ಇತ್ತು, ಕೇಳಿದರು. ಮಿಸ್ಸು ರಾಜನ ಗೊಂಬೆಯನ್ನು ಎತ್ತಿ ತೋರಿಸಿ, "ಇವನೊಬ್ಬ ಉಳ್ಕೊಂಡಿದಾನೆ" ಅಂದರು. ಮತ್ತೆ ಯಾರೂ ಆ ಸುದ್ದಿ ತೆಗೆಯಲಿಲ್ಲ.

ಆ ರಾಜ ವಿಪರೀತ ದಪ್ಪ. ರಾಣಿ ಕಡ್ಡಿಯ ಹಾಗೆ, ರಾಜ ಮಾತ್ರ ಕೋಟು ಬಿರಿಯುವಷ್ಟು ಹೊಟ್ಟೆ ಬಿಟ್ಟುಕೊಂಡು ನಿಂತಿರುತ್ತಿದ್ದ. "ಏನ್ ಮಿಸ್, ನಿಮ್ಮ ರಾಜಂಗೆ ಹೊಟ್ಟೆ ಬಂದಿದೆ?" ಅಂದರೆ, "ಅರಮನೆ ಊಟ ಅಲ್ವೇನಮ್ಮ, ಬರ್ದೆ ಇರುತ್ತಾ?" ಅನ್ನುತ್ತಿದ್ದರು.

ಇನ್ನೊಂದು ಹುಚ್ಚಿತ್ತು ಅವರಿಗೆ. ಕಂಡ ಬಟ್ಟೆಯ ಒಳಭಾಗಕ್ಕೆಲ್ಲ ಹೆಸರಿನ ಮೊದಲಕ್ಷರ ಹೊಲಿಯೋದು. ಸ್ಕೂಲಿನಲ್ಲಿ ಮಕ್ಕಳ ಯೂನಿಫಾರಮ್ಮು ಅದಲುಬದಲಾಗಬಾರದು ಅಂತ ಶುರುವಾದದ್ದು ನಮ್ಮ ಮನೆಯಲ್ಲಿ ಮುಂದುವರಿಯಿತು. ನನ್ನ ಮಕ್ಕಳ ಚಡ್ಡಿ, ನಮ್ಮನೆಯವರ ಟವೆಲ್ಲು, ಕೊನೆಗೆ ನಮ್ಮತ್ತೆಯ ಜಪದ ಚೀಲ. "ನನ್ ಚೀಲ ಯಾರೇ ಕದೀತಾರೆ?" ಅಂತ ಅತ್ತೆ ಜಗಳಕ್ಕೆ ಬಂದರು. "ಕಳೆದುಹೋದ್ರೆ ವಾಪಸ್ ಬರ್ಬೇಕಲ್ಲಮ್ಮ. ತಾನು ಎಲ್ಲೀದು ಅಂತ ಬಟ್ಟೆಗೆ ಗೊತ್ತಿರ್ಬೇಕು" ಅಂದರು ಮಿಸ್ಸು.

ಅವರು ಬಂದು ನಾಲ್ಕು ವರ್ಷಕ್ಕೆ ನಾವು ಮನೆ ಮಾರಲು ಹೊರಟೆವು. ಆರು ಜನಕ್ಕೆ ಒಂದು ರೂಮು ಸಾಲದು ಅಂತ ಜೆ.ಪಿ. ನಗರದಲ್ಲಿ ಕಟ್ಟಿಸುತ್ತಿದ್ದ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತುಬಿಟ್ಟಿತ್ತು. ಇದು ಮಾರಿದರೆ ಅದಕ್ಕೆ ತಾರಸಿ. ಆಗಿನ ಜೆ.ಪಿ. ನಗರ ಅಂದರೆ, ನೆಂಟರು "ಅಷ್ಟು ದೂರಾನಾ?" ಅಂತ ಬುತ್ತಿ ಕಟ್ಟಿಕೊಂಡು ಬರೋ ಊರು.

ನಮ್ಮನೆಯವರು ಗೇಟಿಗೆ ಒಂದು ಬೋರ್ಡು ತಗುಲಿಸಿದರು. 'ಈ ಮನೆ ಮಾರಾಟಕ್ಕಿದೆ.' ಆಫೀಸಿನಲ್ಲಿ ಫೈಲಿನ ಮೂಲೆಯಲ್ಲಿ ಟಿಪ್ಪಣಿ ಬರೆದು ಅಭ್ಯಾಸ ನೋಡಿ, ಇರುವೆ ಸಾಲಿನಂಥ ಅಕ್ಷರ. ಮೂರು ತಿಂಗಳಲ್ಲಿ ಆ ಬೋರ್ಡು ನೋಡಿ ಒಳಗೆ ಬಂದವರು ಮೂವರು. ಒಬ್ಬರು ಬಾಡಿಗೆಗೆ ಅಂದುಕೊಂಡಿದ್ದರು. ಒಬ್ಬರು ವಿಳಾಸ ಕೇಳಲು ಬಂದವರು. ಮೂರನೆಯವರಿಗೆ ಬಾಯಾರಿಕೆಯಾಗಿತ್ತು. ಒಬ್ಬ ಬ್ರೋಕರೂ ಇದ್ದ, ಸೈಕಲ್ಲಿಗೆ ಕೊಡೆ ಸಿಕ್ಕಿಸಿಕೊಂಡು ವಾರಕ್ಕೆರಡು ಸಲ ಬಂದು, "ಪಾರ್ಟಿ ರೆಡಿ ಇದೆ ಮೇಡಂ, ಆಷಾಢ ಹೋಗ್ಲಿ" ಅಂದು ಕಾಫಿ ಕುಡಿದು ಹೋಗುತ್ತಿದ್ದ. ಆಷಾಢ ಹೋಯಿತು. "ಪಿತೃಪಕ್ಷ ಹೋಗ್ಲಿ" ಅಂದ.

ಇಲ್ಲಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನಾಚಿಕೆ ಇನ್ನೂ ಜಾಸ್ತಿ. ಮನೆ ಕೊಂಡವರಿಗೆ ಹಿತ್ತಲಿನ ರೂಮೂ ಸೇರುತ್ತದೆ. ಖಾಲಿ ಮಾಡಿ ಅಂದರೆ ಮಿಸ್ಸು ಖಾಲಿ ಮಾಡಬೇಕು. ಆ ಕಾಲದಲ್ಲಿ ಒಂಟಿ ಹೆಂಗಸಿಗೆ, ಅದೂ ಅರವತ್ತು ದಾಟಿದವರಿಗೆ, ಬಾಡಿಗೆಗೆ ರೂಮು ಸಿಗುವುದು ಅಂದರೆ ಹುಡುಗಾಟವಲ್ಲ. "ಯಾರ ಜೊತೆ ಇರ್ತೀರಿ?" ಅನ್ನುವ ಪ್ರಶ್ನೆಗೇ ಅರ್ಧ ಬಾಗಿಲು ಮುಚ್ಚುತ್ತಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, "ಯಾರು ತಗೊಂಡ್ರೂ ನಿಮ್ ವಿಷ್ಯ ಹೇಳ್ತೀವಿ ಮಿಸ್, ಯೋಚ್ನೆ ಮಾಡ್ಬೇಡಿ" ಅಂತ, ಸೊಪ್ಪಿನವಳು ಕೊಸರು ಹಾಕುವ ಹಾಗೆ ಒಂದು ಮಾತು ಎಸೆದು ಒಳಗೆ ಬಂದಿದ್ದೆ. ಅವರು "ಆಯ್ತಮ್ಮ" ಅಂದು ದಾರ ಕಚ್ಚಿ ತುಂಡು ಮಾಡಿದ್ದರು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಮಿಸ್ಸು ನಮ್ಮ ಹಾಲಿಗೆ ಬಂದು, ಇದ್ದ ಒಂದೇ ಬೆತ್ತದ ಕುರ್ಚಿಯಲ್ಲಿ ಕೂತರು.

"ನಿಮ್ ಬೋರ್ಡಿಗೆ ಯಾರೂ ಬರಲ್ಲ ಸಾರ್."

"ಅಕ್ಷರ ದಪ್ಪ ಮಾಡ್ಲಾ?" ಅಂದರು ನಮ್ಮನೆಯವರು.

"ಅಕ್ಷರದ್ದಲ್ಲ. ಕೊಳ್ಳೋಕೆ ಅಂತ ಒಳಗೆ ಕಾಲಿಟ್ರೆ ಎಲ್ಲಿ ಕೊಳ್ಳಬೇಕಾಗುತ್ತೋ ಅಂತ ಜನಕ್ಕೆ ಭಯ. ಸುಮ್ನೆ ಬಂದು, ನೋಡ್ಕೊಂಡು, ಏನೋ ಒಂದು ಬಾಯಿಗೆ ಹಾಕ್ಕೊಂಡು ಹೋಗೋ ಹಾಗಿರ್ಬೇಕು. ಈ ವರ್ಷ ನನ್ ಗೊಂಬೆ ನಿಮ್ ಮನೆಯೊಳಗೆ ಕೂರಿಸ್ತೀನಿ."

ನಮ್ಮನೆಯವರು ನಕ್ಕರು. "ಗೊಂಬೆ ನೋಡೋಕೆ ಬರೋರು ಹೆಂಗಸ್ರು, ಮಕ್ಳು. ಮನೆ ಕೊಳ್ಳೋರು ಗಂಡಸ್ರು ಮಿಸ್."

"ಕೊಳ್ಳೋರು ಗಂಡಸ್ರೇ. ಯಾವ್ದು ಕೊಳ್ಬೇಕು ಅಂತ ಅವ್ರಿಗೆ ಹೇಳೋರು ಯಾರು?"

ನಮ್ಮನೆಯವರು ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅಡ್ಡಬಂದದ್ದು ನಮ್ಮತ್ತೆ. "ನಮ್ಮನೇಲಿ ಗೊಂಬೆ ಕೂರಿಸೋ ಪದ್ಧತಿ ಇಲ್ಲ. ಒಂದ್ಸಲ ಕೂರಿಸಿದ್ರೆ ಆ ಮನೇಲಿ ಪ್ರತಿ ವರ್ಷ ಕೂರಿಸ್ಬೇಕು. ಬಿಡೋ ಹಾಗಿಲ್ಲ, ಗೊತ್ತಾ?"

"ಗೊತ್ತಮ್ಮ" ಅಂದರು ಮಿಸ್ಸು. "ಗೊಂಬೆ ನಂದು, ಪದ್ಧತಿ ನಂದು. ಜಾಗ ಮಾತ್ರ ನಿಮ್ದು."

ಹೂಂ ಅಂದೆವು. ಎಂಥಾ ಪೆದ್ದುಗಳು ನಾವು!

ಎಲ್ಲರೂ ಗೊಂಬೆಗಳನ್ನು ಹಾಲಿನಲ್ಲಿ ಮೆಟ್ಟಿಲು ಕಟ್ಟಿ ಒಂದೇ ಕಡೆ ಕೂರಿಸುತ್ತಾರೆ. ಮಿಸ್ಸು ಮನೆಯೆಲ್ಲ ಹಂಚಿದರು. ರಾಜ ರಾಣಿ ಹಾಲಿನಲ್ಲಿ. ಮದುವೆ ದಿಬ್ಬಣದ ಸೆಟ್ಟು ರೂಮಿನ ಕಿಟಕಿಯ ಕೆಳಗೆ, ಗಾಳಿ ಬರೋದು ಗೊತ್ತಾಗಲಿ ಅಂತ. ದಿನಸಿ ಅಂಗಡಿಯ ಶೆಟ್ಟಿ ಶೆಟ್ಟಿತಿ ಅಡುಗೆಮನೆಯ ಕಟ್ಟೆಯ ಮೇಲೆ. ಅವರನ್ನು ನೋಡಬೇಕಾದರೆ ಹಿಂದಿನ ಕಪಾಟುಗಳನ್ನೂ ನೋಡಲೇಬೇಕು. ರಾಗಿ ಮೊಳಕೆಯ ಪಾರ್ಕು ಪಕ್ಕದ ಓಣಿಯಲ್ಲಿ. ಬಚ್ಚಲಿನ ಬಾಗಿಲ ಪಕ್ಕದ ನಲ್ಲಿಯ ಕೆಳಗೆ ಒಂದು ಕೆರೆ. ಬೇರೆಯವರ ಮನೆಯಲ್ಲಿ ಕನ್ನಡಿ ಇಟ್ಟು ಕೆರೆ ಅನ್ನುತ್ತಾರೆ. ನಮ್ಮದರಲ್ಲಿ ನಿಜವಾದ ನೀರು, ನಲ್ಲಿಯಿಂದ ಸಣ್ಣಗೆ ಬೀಳುತ್ತಿರಬೇಕು, ಬಾತುಕೋಳಿ ತೇಲಬೇಕು. "ಕಾವೇರಿ ನೀರು ಸಾಯಂಕಾಲನೂ ಬರುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಅಂದರು. ನಮ್ಮತ್ತೆ, "ಬಚ್ಚಲ ಹತ್ರ ಗೊಂಬೆನಾ? ರಾಮ ರಾಮ!" ಅಂತ ಕೆನ್ನೆ ಬಡಿದುಕೊಂಡರು. "ಬಾತುಕೋಳಿಗೆ ಮಡಿ ಇಲ್ಲಮ್ಮ" ಅಂದರು ಮಿಸ್ಸು.

ಹಾಲಿನ ಉತ್ತರದ ಗೋಡೆಯಲ್ಲಿ ಮಳೆಗಾಲದ ತೇವ ಒಂದು ದೊಡ್ಡ ಕಲೆ ಬಿಟ್ಟಿತ್ತು. ಅದರ ಮುಂದೆ ಕೈಲಾಸ ಪರ್ವತ ಇಟ್ಟು ಮುಚ್ಚೋಣ ಅಂತ ನನ್ನ ಐಡಿಯಾ. ಮಿಸ್ಸು ಪರ್ವತವನ್ನು ಎರಡಡಿ ಪಕ್ಕಕ್ಕೆ ಸರಿಸಿ, ಕಲೆಯ ಪಕ್ಕದಲ್ಲೇ ದೀಪ ಹಚ್ಚಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. "ಏನ್ ಮಿಸ್, ಮಾರ್ಬೇಕೋ ಬೇಡ್ವೋ?" ಅಂದೆ. "ಒಳಗಡೆ ಹೊಲಿಗೆ ತೋರಿಸ್ಬಿಡ್ಬೇಕಮ್ಮ. ಆಮೇಲೆ ಬಿಚ್ಚಿಕೊಂಡ್ರೆ ಹೊಲಿದೋರಿಗೆ ಕೆಟ್ಟ ಹೆಸರು."

ಈ ಸುತ್ತಾಟದ ಕೊನೆಯ ನಿಲ್ದಾಣ ಹಿತ್ತಲು, ಅವರ ರೂಮಿನ ಬಾಗಿಲು. ಅಲ್ಲಿ ಅವರು ಸ್ಟೂಲು ಹಾಕಿಕೊಂಡು ಕೂತು ಚರ್ಪು ಹಂಚುತ್ತಿದ್ದರು. ಗೊಂಬೆ ನೋಡಲು ಬಂದವರ ಕೈಗೆ ಕೊಡುವ ತಿಂಡಿಗೆ ಹಾಗನ್ನುತ್ತೇವೆ. ಒಂದು ದಿನ ಕಡಲೆಕಾಳು ಉಸ್ಲಿ, ಒಂದು ದಿನ ಕೊಬ್ಬರಿ ಮಿಠಾಯಿ. ಚರ್ಪು ಬೇಕಾದರೆ ಪೂರ್ತಿ ಮನೆ ದಾಟಿಯೇ ಹೋಗಬೇಕು. ಬೇರೆ ದಾರಿಯೇ ಇಟ್ಟಿರಲಿಲ್ಲ.

ಮೊದಲ ದಿನ ಹತ್ತು ಮಕ್ಕಳು "ಆಂಟೀ, ಗೊಂಬೆ ಕೂರ್ಸಿದೀರಾ?" ಅಂತ ಬಂದರು. ಆಗ ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ, ಆ ಮನೆಯವರು ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಕೊಬ್ಬರಿ ಮಿಠಾಯಿಯ ಸುದ್ದಿ ಹರಡಲು ಎರಡು ದಿನವೂ ಬೇಕಾಗಲಿಲ್ಲ. ಮೂರನೇ ದಿನಕ್ಕೆ ತಾಯಂದಿರು. ಐದನೇ ದಿನಕ್ಕೆ ಬೇರೆ ಬ್ಲಾಕಿನವರು, "ಬಚ್ಚಲಲ್ಲಿ ಕೆರೆ ಕಟ್ಟಿದಾರಂತೆ" ಅಂತ ಕೇಳಿಕೊಂಡು. ಸರಸ್ವತಿ ಪೂಜೆಯ ದಿನ ಗೇಟಿನ ತನಕ ಕ್ಯೂ. ನಮ್ಮನೆಯವರು ಆಫೀಸಿನಿಂದ ಬಂದು ಕಾಲು ತೊಳೆಯಲು ಬಚ್ಚಲಿಗೆ ಹೋಗಬೇಕಾದರೆ ಮುತ್ತೈದೆಯರ ಹಿಂದೆ ನಿಂತು, ರಾಜನಿಗೆ ಕೈಮುಗಿದು, ದಿಬ್ಬಣ ನೋಡಿ, ಶೆಟ್ಟಿಯನ್ನು ಮಾತಾಡಿಸಿಕೊಂಡು ಹೋಗಬೇಕಾಯಿತು. ಒಂದು ದಿನ ಅವರಿಗೂ ಯಾರೋ ಕುಂಕುಮ ಕೊಟ್ಟಿದ್ದರು.

ಮಾತುಗಳೇ ಬೇರೆಯಾಗಿದ್ದವು. "ಗೊಂಬೆ ಮುದ್ದಾಗಿವೆ" ಅನ್ನುತ್ತಾ ಅಡುಗೆಮನೆಯಲ್ಲಿ ನಿಂತವರು, "ಅಟ್ಟ ಎಷ್ಟು ಉದ್ದ ಇದೆ ರೀ?" ಅನ್ನುತ್ತಿದ್ದರು. ಕೆರೆಯ ಹತ್ತಿರ ಒಬ್ಬರು ಬಾತುಕೋಳಿ ಬಿಟ್ಟು ನಲ್ಲಿಯನ್ನೇ ತಿರುಗಿಸಿ ನೋಡಿದರು. ಮಿಸ್ಸು ಹಿತ್ತಲಲ್ಲಿ ಕೂತು ಚರ್ಪು ಕೊಡುತ್ತಾ ಮೆಲ್ಲಗೆ, "ಮನೆ ಮಾರಾಟಕ್ಕಿದೆಯಂತೆ" ಅಂತ, ತಮಗೂ ಈಗಷ್ಟೇ ಯಾರೋ ಹೇಳಿದ ಹಾಗೆ, ಒಂದು ಮಾತು ಸೇರಿಸುತ್ತಿದ್ದರು. ಆಯುಧಪೂಜೆಯ ಹೊತ್ತಿಗೆ ಹೆಂಡತಿಯರ ಹಿಂದೆ ಗಂಡಂದಿರು ಬರಲಾರಂಭಿಸಿದರು. ಬ್ರೋಕರೂ ಬಂದ, ಬಾಯಿ ತೆರೆದುಕೊಂಡು ನಿಂತ, ಉಸ್ಲಿ ತಿಂದ, "ಈ ಲೈನಿಗೆ ಬಂದು ಇಪ್ಪತ್ತು ವರ್ಷ ಆಯ್ತು ಮೇಡಂ" ಅಂದು ಮಾತು ಮುಗಿಸದೆ ಸೈಕಲ್ ಹತ್ತಿದ.

ನಿಜವಾಗಿ ಕೊಳ್ಳುವ ಹಾಗೆ ಕಂಡವರು ಇಬ್ಬರು.

ಒಬ್ಬರು ಕಂಟ್ರಾಕ್ಟರ್. ಹೊಸ ಸಫಾರಿ ಸೂಟು, ಕೈಯಲ್ಲಿ ಕೀಗೊಂಚಲು. ಗೊಂಬೆಯ ಕಡೆ ತಿರುಗಿಯೂ ನೋಡದೆ ಕಾಂಪೌಂಡಿನ ಉದ್ದಗಲಕ್ಕೆ ಹೆಜ್ಜೆ ಹಾಕಿ ಅಳೆದರು. ತೇವದ ಕಲೆ ತೋರಿಸಿದೆ. "ಇರ್ಲಿ ಬಿಡಿ, ಗೋಡೆನೇ ಇರಲ್ಲ" ಅಂದರು. ಒಡೆದು, ಹಿಂದಿನ ರೂಮೂ ತೆಗೆದು, ಮೂರಂತಸ್ತು ಎಬ್ಬಿಸುತ್ತಾರಂತೆ. ನಾವು ಹೇಳಿದ ಬೆಲೆಗೆ ಚೌಕಾಸಿಯೇ ಇಲ್ಲ. ವಿಜಯದಶಮಿ ಸಾಯಂಕಾಲ ಅಡ್ವಾನ್ಸ್ ತರುತ್ತೇನೆ ಅಂದರು. ನಮ್ಮನೆಯವರು ಗಾಳಿಯಲ್ಲಿ ತೇಲಿದರು, ನಾನೂ ತೇಲಿದೆ. ಹಿತ್ತಲಿನಿಂದ ಮಿಸ್ಸು, "ಸೂಟು ಹೊಸದು, ಪ್ಯಾಂಟಿನ ಅಂಚು ಗಮ್ ಹಾಕಿ ಅಂಟಿಸಿದಾರೆ" ಅಂದರು, ಅಷ್ಟೆ. ಹಿಂದಿನ ರೂಮಿನ ಮಾತು ಅವರ ಕಿವಿಗೆ ಬಿದ್ದಿತ್ತು. ಬಿದ್ದಿದೆ ಅಂತ ನನಗೂ ಗೊತ್ತಿತ್ತು. ಆ ರಾತ್ರಿ ಊಟಕ್ಕೆ ಕೂತಾಗ ನಾನೂ ನಮ್ಮನೆಯವರೂ ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಮೂರು ಸಲ ಮಾತಾಡಿದೆವು. ಮಿಸ್ಸಿನ ಹೆಸರು ಇಬ್ಬರೂ ಎತ್ತಲಿಲ್ಲ.

ಇನ್ನೊಬ್ಬರು ಬಸ್ ಕಂಡಕ್ಟರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸಿದ್ದಾಪುರದಲ್ಲಿ ಬಾಡಿಗೆಗಿದ್ದರು. ಅವರು ಬಂದ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಜನ ಸಿಕ್ಕಿಹಾಕಿಕೊಂಡು ಯಾರೂ ಹಿಂದೆ ಮುಂದೆ ಆಗುವಂತಿರಲಿಲ್ಲ. ಆ ಮನುಷ್ಯ ಒಂದು ನಿಮಿಷ ನೋಡಿದರು, ತಡೆಯಲಾಗಲಿಲ್ಲ. "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಖಾಲಿ ಇದೆ! ಅಕ್ಕಾ, ಮಗು ಎತ್ಕೊಳ್ಳಿ! ಬಾಗ್ಲಲ್ಲಿ ನಿಲ್ಬೇಡಿ!" ಎರಡು ನಿಮಿಷದಲ್ಲಿ ಇಡೀ ಕ್ಯೂ ಹಿತ್ತಲಿಗೆ ಬಂದು ನಿಂತಿತು. ಮಿಸ್ಸು ಸ್ಟೂಲಿನಿಂದ ಎದ್ದು ನಿಂತು ಅವರನ್ನು ಕಾಲಿನಿಂದ ತಲೆಯ ತನಕ ನೋಡಿದರು. ಖಾಕಿ ಪ್ಯಾಂಟಿನ ಜೇಬು ಚಿಲ್ಲರೆಯ ಭಾರಕ್ಕೆ ಹರಿದು ಮತ್ತೆ ಹೊಲಿದದ್ದಾಗಿತ್ತು.

"ಯಾರು ಹೊಲಿದಿದ್ದು?"

"ನಾನೇ ಮೇಡಂ. ಡಿಪೋದಲ್ಲಿ ಕೂತ್ಕೊಂಡು."

"ಎರಡು ಸಲ ಹಿಂದಕ್ಕೆ ಹಾಕಿದೀಯ ಸೂಜಿ. ಚೆನ್ನಾಗಿದೆ" ಅಂದರು. ಇಡೀ ಟಿ ಬ್ಲಾಕಿನಲ್ಲಿ ಯಾರಿಗೂ ಅವರು ಚೆನ್ನಾಗಿದೆ ಅಂದದ್ದು ನಾನು ಕೇಳಿರಲಿಲ್ಲ. ಆತನಿಗೆ ಕೊಬ್ಬರಿ ಮಿಠಾಯಿ ಎರಡು ಸಿಕ್ಕಿತು.

ಆದರೆ ಕಂಡಕ್ಟರು ಹೇಳಿದ ಬೆಲೆ ಕಂಟ್ರಾಕ್ಟರಿಗಿಂತ ಕಡಿಮೆ. ನಾವು "ನೋಡೋಣ" ಅಂದೆವು. ನೋಡೋಣ ಅಂದರೆ ಇಲ್ಲ ಅಂತ ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು.

ವಿಜಯದಶಮಿ ಸಾಯಂಕಾಲ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ಆರತಿ ಎತ್ತಿ, ಹಾಡು ಹೇಳಿ, ರಾಜ ರಾಣಿಯನ್ನು ಒರಗಿಸಿದರೆ ಆ ವರ್ಷದ್ದು ಮುಗಿಯಿತು. ಹಾಲಿನಲ್ಲಿ ಇಪ್ಪತ್ತು ಹೆಂಗಸರು. ಆ ನರ್ಸೂ ಇದ್ದಳು. ಕಂಡಕ್ಟರು ಯಾರೂ ಹೇಳದೆಯೇ ಬಾಗಿಲಲ್ಲಿ ನಿಂತು ಚಪ್ಪಲಿ ಸಾಲು ಮಾಡುತ್ತಿದ್ದರು. ಅಷ್ಟರಲ್ಲಿ ಸಫಾರಿ ಸೂಟು ಬಂತು, ಕಂಕುಳಲ್ಲಿ ಬ್ಯಾಗು.

"ಐದೇ ನಿಮಿಷ ಸಾರ್" ಅಂದರು ಮಿಸ್ಸು. "ಪಟ್ಟದ ಗೊಂಬೆ ಮಲಗೋ ತನಕ ಮನೇಲಿ ಏನೂ ಕೈ ಬದಲಾಯಿಸ್ಬಾರ್ದು."

ಇಂಥ ಶಾಸ್ತ್ರ ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಆದರೆ ನಮ್ಮತ್ತೆ, ಗೊತ್ತಿಲ್ಲ ಅಂದರೆ ಮರ್ಯಾದೆ ಹೋಗುತ್ತದಲ್ಲ, "ಹೌದು, ಹೌದು, ಬದಲಾಯಿಸ್ಬಾರ್ದು" ಅಂದುಬಿಟ್ಟರು. ಕಂಟ್ರಾಕ್ಟರು ಬೆತ್ತದ ಕುರ್ಚಿಯಲ್ಲಿ ಕೂತರು. ಮಿಸ್ಸು ಜೋಗುಳ ಶುರು ಮಾಡಿದರು. ಅವರ ಕಂಠ ದೇವರಿಗೇ ಪ್ರೀತಿ. ಒಂದು ಮುಗಿಯಿತು, ಇನ್ನೊಂದು. ರಾಜನಿಗೆ ಬೇರೆ, ರಾಣಿಗೆ ಬೇರೆ, ದಿಬ್ಬಣದ ಕುದುರೆಗೂ ಒಂದು. ಮುಕ್ಕಾಲು ಗಂಟೆಯಾದ ಮೇಲೆ ಗೊಂಬೆಗಿಂತ ಮುಂಚೆ ಕಂಟ್ರಾಕ್ಟರು ತೂಕಡಿಸತೊಡಗಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಕೊನೆಗೆ ಹಾಡು ನಿಂತಿತು. ಮಿಸ್ಸು ರಾಣಿಯನ್ನು ಒರಗಿಸಿದರು. ಆ ದಪ್ಪ ರಾಜನನ್ನು ಎತ್ತಿ, ಕೋಟಿನ ಗುಂಡಿ ಸರಿ ಮಾಡಿ, ಪಕ್ಕದಲ್ಲಿ ಮಲಗಿಸಿ, ಪ್ರತಿ ವರ್ಷ ಹೇಳುವ ಮಾತು ಹೇಳಿದರು. "ಮಲ್ಕೊಳಪ್ಪ. ಮುಂದಿನ ವರ್ಷ ಇಲ್ಲೇ ಏಳು."

ಆ ನರ್ಸಿಗೆ ಏನು ಗೊತ್ತು ಪಾಪ, ಸಹಜವಾಗಿ ಕೇಳಿದಳು. "ಮನೆ ಮಾರ್ತಾರಂತಲ್ಲ ಮಿಸ್? ಮುಂದಿನ ವರ್ಷ ಎಲ್ಲಿ ಏಳ್ತಾನೆ?"

"ಅದು ಓನರ್ರನ್ನ ಕೇಳ್ಬೇಕಮ್ಮ."

ಸಿಟ್ಟಿನಲ್ಲಿ ಹೇಳಲಿಲ್ಲ, ಚುಚ್ಚಿ ಹೇಳಲಿಲ್ಲ. ಗೊಂಬೆಯ ಕಡೆ ನೋಡುತ್ತಲೇ ಹೇಳಿದರು. ಇಪ್ಪತ್ತು ತಲೆಗಳು ನಮ್ಮನೆಯವರ ಕಡೆ ತಿರುಗಿದವು. ಪಾಪ, ಅವರ ಕೈಯಲ್ಲಿ ಆರತಿ ತಟ್ಟೆ ಇತ್ತು, ಇಡಲು ಜಾಗ ಹುಡುಕುತ್ತಿದ್ದರು. ನನ್ನ ನಗು ಹೊಟ್ಟೆಯಲ್ಲೇ ಸತ್ತಿತು. ನಾಲ್ಕು ವರ್ಷ ನನ್ನ ಮಕ್ಕಳ ಚಡ್ಡಿಗೆ ಅಕ್ಷರ ಹೊಲಿದ ಹೆಂಗಸನ್ನು, ಎಲ್ಲಿಗೆ ಹೋಗ್ತೀರಿ ಮಿಸ್, ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಬಾಯಿಬಿಟ್ಟದ್ದು ನಮ್ಮತ್ತೆ. "ಓನರ್ರನ್ನ ಕೇಳೋದೇನು? ಕೂರಿಸಿದ ಮೇಲೆ ಮುಗೀತು. ಇದೇ ಮನೇಲೇ ಕೂರ್ಬೇಕು. ನಾನು ಮೊದ್ಲೇ ಬಡ್ಕೊಂಡೆ."

ಕಂಟ್ರಾಕ್ಟರು ಎಚ್ಚರಾದರು. "ಮನೆನೇ ಇರಲ್ವಲ್ಲಮ್ಮ, ಒಡೀತೀನಲ್ಲ?"

ನಮ್ಮನೆಯವರು ಆರತಿ ತಟ್ಟೆ ನನ್ನ ಕೈಗೆ ಕೊಟ್ಟರು. "ಇವತ್ತು ಬೇಡ ಸಾರ್" ಅಂದರು.

"ಹಾಗಾದ್ರೆ ನಾಳೆ?"

ಅವರು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. "ನಾಳೆನೂ ಬೇಡ ಸಾರ್."

ಆ ದೊಡ್ಡ ಮನುಷ್ಯರು ಮುಖ ದಪ್ಪ ಮಾಡಿಕೊಂಡು ಎದ್ದರು. ಹೆಂಗಸರ ನಡುವೆ ದಾರಿಯಿರಲಿಲ್ಲ. ಆಗ ಬಾಗಿಲಿನಿಂದ ಕಂಡಕ್ಟರ ದನಿ ಕೇಳಿತು. "ಸ್ವಲ್ಪ ದಾರಿ ಬಿಡಿ ಅಕ್ಕಾ, ಇಳಿಯೋರಿದ್ದಾರೆ!"

ಮನೆ ಕಂಡಕ್ಟರಿಗೇ ಹೋಯಿತು, ಮಿಸ್ಸು ಹಿತ್ತಲಿನ ರೂಮಿನಲ್ಲೇ ಉಳಿದರು. ಬೆಲೆ ಕಡಿಮೆ, ಹಾಗಾಗಿ ಜೆ.ಪಿ. ನಗರದ ಮನೆಗೆ ತಾರಸಿ ಬಂತು, ಪೋರ್ಟಿಕೋ ಬರಲಿಲ್ಲ. ಇವತ್ತಿಗೂ ಇಲ್ಲ. ಮಳೆ ಬಂದು ಸ್ಕೂಟರು ನೆನೆದಾಗಲೆಲ್ಲ ನಮ್ಮನೆಯವರು ಸೀಟು ಒರೆಸುತ್ತಾ, "ಇದು ನಿಮ್ ಮಿಸ್ಸಿನ ಪೋರ್ಟಿಕೋ" ಅನ್ನುತ್ತಾರೆ. ಆದರೆ ನಗುತ್ತಲೇ ಅನ್ನುತ್ತಾರೆ.

ಪ್ರತಿ ದಸರೆಗೂ ನಾನು ಹೋಗುತ್ತಿದ್ದೆ. ಮಿಸ್ಸು ನನ್ನನ್ನು ಗೇಟಿನಲ್ಲೇ ಎದುರುಗೊಂಡು, ನಾನು ಹತ್ತು ವರ್ಷ ಬೇಯಿಸಿದ ಅಡುಗೆಮನೆಯನ್ನು ನನಗೇ ತೋರಿಸುತ್ತಿದ್ದರು. "ಇದು ಅಡುಗೆಮನೆ. ಬೆಳಗ್ಗೆ ಬಿಸಿಲು ಬರುತ್ತೆ. ಅಟ್ಟ ನೋಡಮ್ಮ, ಎಷ್ಟು ಉದ್ದ." ನಾನೂ "ಹೌದಾ?" ಅನ್ನುತ್ತಿದ್ದೆ. ಒಮ್ಮೆ ಕೇಳಿಯೇಬಿಟ್ಟೆ. "ಮಿಸ್, ನಿಜ ಹೇಳಿ. ಅಷ್ಟು ಜನಾನ ಕರೆಸಿದ್ದು ನಮ್ ಮನೆ ಮಾರಿಸೋಕಾ, ನಿಮಗೆ ಓನರ್ ಹುಡುಕೋಕಾ?"

"ಎರಡಕ್ಕೂ ಒಂದೇ ದಾರ ಸಾಕಾಯ್ತು ಕಣಮ್ಮ" ಅಂದರು. ಆಮೇಲೆ ನನ್ನ ತೋಳು ಹಿಡಿದು ತಿರುಗಿಸಿ, "ಈ ಬ್ಲೌಸು ಯಾರು ಹೊಲಿದಿದ್ದು? ಕೈ ಕಡಿಬೇಕು ಅವ್ನಿಗೆ" ಅಂದರು.

ಅವರು ಹೋದದ್ದು ಭಾದ್ರಪದದಲ್ಲಿ, ಗೊಂಬೆ ಹಬ್ಬಕ್ಕೆ ತಿಂಗಳೂ ಇರಲಿಲ್ಲ. ಆ ವರ್ಷ ಗೊಂಬೆ ಕೂರಿಸುತ್ತಾರೋ ಇಲ್ಲವೋ ಅಂದುಕೊಂಡೇ ವಿಜಯದಶಮಿಗೆ ಹೋದೆ. ಕೂರಿಸಿದ್ದರು. ಹಾಲಿನಲ್ಲಿ ರಾಜ ರಾಣಿ, ಅಡುಗೆಮನೆಯಲ್ಲಿ ಶೆಟ್ಟಿ, ಬಚ್ಚಲ ಪಕ್ಕ ಕೆರೆ, ಎಲ್ಲಾ ಹಾಗೇ. ಉತ್ತರದ ಗೋಡೆಯ ತೇವ ಕೂಡ ಹಾಗೇ ಇತ್ತು, ಪಕ್ಕದಲ್ಲಿ ದೀಪ. ಹಿತ್ತಲಿನ ಸ್ಟೂಲು ಮಾತ್ರ ಖಾಲಿ. ಚರ್ಪನ್ನು ಅದರ ಮೇಲೆ ತಟ್ಟೆಯಲ್ಲಿಟ್ಟಿದ್ದರು, ಯಾರೂ ಕೂತಿರಲಿಲ್ಲ.

ಮಲಗಿಸುವ ಮುಂಚೆ ನರ್ಸು, "ಈ ಸಲ ರಾಜನ ಕೋಟು ಒಗೆದು ಹಾಕ್ತೀನಿ, ಎಣ್ಣೆ ಜಿಡ್ಡಾಗಿದೆ" ಅಂತ ಗುಂಡಿ ಬಿಚ್ಚಿದಳು. ಒಳಗೆ ಇನ್ನೊಂದು ಕೋಟು. ಅದನ್ನು ಬಿಚ್ಚಿದರೆ ಮತ್ತೊಂದು. ಒಂದರ ಮೇಲೊಂದು ಆರು ಕೋಟು. ಎಲ್ಲಾ ತೆಗೆದ ಮೇಲೆ ನೋಡಿದರೆ ಆ ರಾಜ ರಾಣಿಗಿಂತ ಸಣಕಲ. ನಾವು ನಗುವುದಕ್ಕೆ ಶುರು ಮಾಡಿದ್ದೆವು, ಅಷ್ಟರಲ್ಲಿ ಅವಳು ಒಂದು ಕೋಟನ್ನು ಒಳಮಗ್ಗುಲು ತಿರುಗಿಸಿದಳು.

ಕತ್ತಿನ ಹತ್ತಿರ, ಯೂನಿಫಾರಮ್ಮಿಗೆ ಹಾಕುವ ಹಾಗೆಯೇ, ಸಣ್ಣ ಹೊಲಿಗೆಯ ಅಕ್ಷರ. ಮನೆ ನಂಬರು, ಬೀದಿ, ಯಡಿಯೂರು. ಅದರ ಒಳಗಿನದರಲ್ಲಿ ಸಿದ್ದಾಪುರ. ಅದರೊಳಗೆ ಮಾವಳ್ಳಿ. ಅದಕ್ಕೂ ಒಳಗೆ ಚಾಮರಾಜಪೇಟೆ. ಎಲ್ಲಕ್ಕಿಂತ ಒಳಗಿನ, ಬಣ್ಣ ಹೋದ ರೇಷ್ಮೆಯ ಕೋಟಿನಲ್ಲಿ ತುಮಕೂರು, ಅವರ ತಾಯಿಯ ಮನೆ. ಪ್ರತಿ ಸಲ ಖಾಲಿ ಮಾಡಿ ಇನ್ನೊಂದು ಕಡೆ ಹೋದಾಗ ರಾಜನಿಗೆ ಹೊಸ ವಿಳಾಸ ಹೊಲಿದು, ಹಳೆಯದರ ಮೇಲೆಯೇ ತೊಡಿಸಿದ್ದರು. ಎಲ್ಲಕ್ಕಿಂತ ಮೇಲಿನದರಲ್ಲಿ ನಮ್ಮ ಮನೆಯ ನಂಬರಿತ್ತು. ಅರಮನೆ ಊಟ ಅಂತ ನಾವೆಲ್ಲ ನಕ್ಕಿದ್ದೆವಲ್ಲ, ಆ ಹೊಟ್ಟೆ ಇದು.

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನರ್ಸು ಒಂದೊಂದೇ ಕೋಟನ್ನು ಅದೇ ಕ್ರಮದಲ್ಲಿ ಮತ್ತೆ ತೊಡಿಸಿದಳು. ಒಗೆಯುವ ಮಾತು ಎತ್ತಲಿಲ್ಲ. ಕೊನೆಯದರ ಗುಂಡಿ ಸಡಿಲವಾಗಿತ್ತು, ಸೂಜಿ ದಾರ ತಂದು ಗಂಡನ ಕೈಗೆ ಕೊಟ್ಟಳು. ಕಂಡಕ್ಟರು ಕನ್ನಡಕ ಏರಿಸಿ, ಎರಡು ಸಲ ಸೂಜಿ ಹಿಂದಕ್ಕೆ ಹಾಕಿ, ಗಟ್ಟಿಯಾಗಿ ಹೊಲಿದರು. ರಾಜನನ್ನು ಮಲಗಿಸಿ, "ಮುಂದಿನ ವರ್ಷ ಇಲ್ಲೇ ಏಳಪ್ಪ" ಅಂದರು.

ಆಮೇಲೆ ನನ್ನ ಕಡೆ ತಿರುಗಿ, ಮೂಗು ಒರೆಸಿಕೊಂಡು, "ಇವನಿಗೆ ಇನ್ನೊಂದು ಕೋಟು ಹೊಲಿಸೋ ಕೆಲಸ ಇಲ್ಲ ಬಿಡಿ ಮೇಡಂ. ಇರೋ ಹೊಟ್ಟೆನೇ ಸಾಕು" ಅಂದರು.